ಸಭಾಕಂಪ: ಬಯಲಾಟದಿಂದ ಬಾನುಲಿಗೆ

ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವವರು ನಾಲ್ಕು ಜನರೆದುರು ನಿಂತೊಡನೆ ತಡವರಿಸುತ್ತಾರೆ. ನೂರು ಸಲ ಹಾಡಿದ ಪದ ನೂರೊಂದನೆಯ ಸಲಕ್ಕೆ ನಾಲಿಗೆಗೆ ಬಾರದು. ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಗಂಟಲು ಒಣಗುವುದು. ಇದಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರು ಸಭಾಕಂಪ. ಆ ಹೆಸರಿನಲ್ಲಿಯೇ ರೋಗದ ಮೂಲವಿದೆ. ನಡುಕ ಹುಟ್ಟುವುದು ಸಭೆಯಿಂದ. ವಿದ್ಯೆ ಎಷ್ಟಿದ್ದರೂ ಅದು ಬರಬಹುದು. ಅದಕ್ಕೆ ಮದ್ದನ್ನೂ ನಮ್ಮ ಹಳೆಯ ರಂಗಭೂಮಿ ಒಬ್ಬೊಬ್ಬ ನಟನ ಎದೆಗಾರಿಕೆಗೆ ಬಿಡದೆ, ಆಟದ ಕಟ್ಟಿನಲ್ಲಿಯೇ ಇರಿಸಿಕೊಂಡಿತ್ತು.

ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ಮೊಟ್ಟಮೊದಲ ನಾಟಕ ನಡೆಯುತ್ತಿದ್ದಾಗ ದೈತ್ಯರ ಕಡೆಯ ವಿಘ್ನಗಳು ಕಣ್ಣಿಗೆ ಕಾಣದಂತೆ ಬಂದು ನಟರ ಮಾತು, ಚಲನೆ, ನೆನಪು ಮೂರನ್ನೂ ಸ್ತಂಭಿಸಿಬಿಟ್ಟವು. ಸಭಾಕಂಪದ ಲಕ್ಷಣವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಇಂದ್ರನು ತನ್ನ ಧ್ವಜದಂಡದಿಂದ ಆ ವಿಘ್ನಗಳನ್ನು ಬಡಿದನು. ಬಳಿಕ ಕಾವಲುಳ್ಳ ನಾಟ್ಯಗೃಹ ಎದ್ದಿತು. ನಾಟಕಕ್ಕೆ ಮೊದಲು ವಾದ್ಯಗಳನ್ನು ಅಣಿಗೊಳಿಸಿ ನಾಂದಿ ಹಾಡುವ ಪೂರ್ವರಂಗದ ವಿಧಿಯನ್ನೂ ಅದೇ ಗ್ರಂಥ ಹೇಳುತ್ತದೆ. ನಟನನ್ನು ಸಭೆಯೆದುರಿಗೆ ಥಟ್ಟನೆ ನೂಕಬಾರದು, ಮೆಲ್ಲಮೆಲ್ಲನೆ ಒಯ್ಯಬೇಕು ಎಂಬ ವಿವೇಕ ಅದರಲ್ಲಿದೆ.

ಈ ನಡುಕದ ದೇಹಧರ್ಮವನ್ನು ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1915ರ ತನ್ನ ಗ್ರಂಥದಲ್ಲಿ ವಿವರಿಸಿದನು. ಅಪಾಯ ಕಂಡಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ವೇಗವಾಗಿ ಬಡಿದು, ಕೈಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಒದಗುತ್ತದೆ. ಹುಲಿಯೆದುರಿಗೆ ಓಡಲು ಇದು ಬೇಕಾದ ಏರ್ಪಾಡು. ಹಾಡುವವನಿಗೆ ಬೇಕಾದುದು ನೀಳವಾದ ಉಸಿರು. ಆ ಹೊತ್ತಿಗೆ ಅವನಿಗೆ ಒದಗುವುದು ಗಿಡ್ಡ ಉಸಿರು.

ಇನ್ನು ನಮ್ಮ ಸೀಮೆಗೆ ಬರೋಣ. ಕೃಷ್ಣೆಯ ದಂಡೆಯ ಹಿಪ್ಪರಗಿ, ಜಮಖಂಡಿ, ರಬಕವಿ-ಬನಹಟ್ಟಿ, ಘಟಪ್ರಭೆಯ ಮುಧೋಳ - ಇದು ಶ್ರೀಕೃಷ್ಣ ಪಾರಿಜಾತವನ್ನು ಮೆಚ್ಚಿದ ನಾಡು. ನಾರದನು ತಂದ ಒಂದು ಹೂವಿಗಾಗಿ ಸತ್ಯಭಾಮೆ ಮುನಿದ ಕಥೆಯದು. ಅಪರಾಳ ತಮ್ಮಣ್ಣನ ಕೃತಿಗೆ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನು ಆಟದ ರೂಪ ಕೊಟ್ಟು ಬೆಳೆಸಿದನು. ಹಗಲೆಲ್ಲ ಹೊಲದಲ್ಲಿಯೋ ಮಗ್ಗದ ಮುಂದೆಯೋ ದುಡಿದವರು ಇರುಳೆಲ್ಲ ಇಂಥ ಆಟ ಆಡಿದ್ದು ಹೇಗೆ?

ಆಟದ ಕಟ್ಟನ್ನು ನೋಡಿರಿ. ಮೊದಲು ದೇವರ ಸ್ತುತಿ; ಅದನ್ನು ಮೇಳ ಕೂಡಿ ಹಾಡುತ್ತದೆ. ಅಂಜಿದವನ ಕೊರಳು ಹತ್ತು ಕೊರಳುಗಳಲ್ಲಿ ಸೇರಿ ಹದಕ್ಕೆ ಬರುತ್ತದೆ. ಗಟ್ಟಿಯಾಗಿ ಹಾಡುವಾಗ ಉಸಿರು ತಾನೇ ನೀಳವಾಗುತ್ತದೆ. ಬಳಿಕ ಪಾತ್ರ ರಂಗಕ್ಕೆ ಬಂದೊಡನೆ ಪಾರಿಜಾತದಲ್ಲಿ ಭಾಗವತನು, ದೊಡ್ಡಾಟದಲ್ಲಿ ಸಾರಥಿಯು ಎದುರುಗೊಂಡು, ತಾವು ಯಾರು, ಬಂದ ಕಾರಣವೇನು ಎಂದು ಮಾತಿಗೆಳೆಯುತ್ತಾರೆ. ಇದರಿಂದ ಪ್ರೇಕ್ಷಕರಿಗೆ ಪಾತ್ರದ ಪರಿಚಯವಾಗುತ್ತದೆ, ನಟನಿಗೂ ಉಪಕಾರವಾಗುತ್ತದೆ. ಅವನು ಸಾವಿರ ಜನರಿಗೆ ಭಾಷಣ ಮಾಡಬೇಕಾಗಿಲ್ಲ, ಎದುರಿಗಿರುವ ಒಬ್ಬನಿಗೆ ಉತ್ತರ ಕೊಟ್ಟರೆ ಸಾಕು. ಪದ ಹಾಡಿದಾಗ ಹಿಮ್ಮೇಳದವರು ಅದೇ ಸಾಲನ್ನು ಎತ್ತಿಕೊಂಡು ಹಾಡುತ್ತಾರೆ. ಅಷ್ಟರಲ್ಲಿ ಮುಂದಿನ ಸಾಲು ನೆನಪಾಗುತ್ತದೆ.

ನಾಟಕ ಕಂಪನಿಗಳ ಕಾಲದಲ್ಲಿ ಪರದೆ, ದೀಪ, ಟಿಕೀಟು ಬಂದವು. ಆಗಲೂ ನಾಂದಿ ಉಳಿಯಿತು; ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಮಾತು ನೆನಪಿಸುವ ಪ್ರಾಂಪ್ಟರನೂ ಸೇರಿಕೊಂಡನು.

ಆದರೆ ಈ ಮದ್ದುಗಳೆಲ್ಲ ಮರೆವಿನ ಅಂಜಿಕೆಗೆ ಮಾತ್ರ. ಸಭೆಗೆ ಅಂಜುವುದರಲ್ಲಿ ಇನ್ನೂ ಒಂದು ಬಗೆಯುಂಟು. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅಲ್ಲಿ ಸ್ವಾಗತದ ಹಾಡಿಗೆ ನಿಂತ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರೂ ಇದ್ದರು. ಅಷ್ಟು ದೊಡ್ಡ ಸಭೆಯಲ್ಲಿ ಆ ಬಾಲಕಿಯ ಅಂಜಿಕೆ ಶ್ರುತಿ ತಪ್ಪೀತೆಂಬುದಾಗಿರಲಿಲ್ಲ. ಕೆಳಜಾತಿಯವಳೆಂದು ತನಗೆ ಉಂಡ ಎಲೆ ಎತ್ತಲು ಹೇಳಿಯಾರೆಂಬ ಆತಂಕವಿತ್ತೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅಂಥ ಅಂಜಿಕೆಗೆ ಹಿಮ್ಮೇಳವೇನು ಮಾಡೀತು? ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದ ಕಾಲದಲ್ಲಿ ರಂಗಕ್ಕೆ ಬಂದ ಹೆಂಗಸರೆಲ್ಲ ಸಭೆಯ ಕಣ್ಣನ್ನು ಎದುರಿಸಬೇಕಾಯಿತು. ಪಾರಿಜಾತಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮ, ನಮ್ಮ ಬೀಳಗಿಯಿಂದ ಹೊರಟು ಮುಂಬಯಿಯವರೆಗೆ ಹೋದ ಅಮೀರ್‌ಬಾಯಿ ಕರ್ನಾಟಕಿ, ಅವರ ಅಕ್ಕ ಗೋಹರ್‌ಬಾಯಿ ಇವರ ಸಾಲಿನವರು. ಸಭೆ ಅವರ ಕಲೆಗೆ ತಲೆದೂಗಿತು. ತನ್ನ ಪಕ್ಕದಲ್ಲಿ ಕೂಡಿಸಿಕೊಳ್ಳಲು ಬಹಳ ಕಾಲ ಹಿಂಜರಿಯಿತು. ನಡುಕ ಹಾಡುವವರದಾದರೂ ಅದರ ಹೊಣೆಯಲ್ಲಿ ಕೇಳುವವರಿಗೂ ಪಾಲಿದೆ.

ಬಾನುಲಿ ಬಂದಾಗ ಸಭೆಯೇ ಕಾಣದಾಯಿತು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದು ಒಂದು ಸೊಗಸಾದ ಯೋಗಾಯೋಗ. ಧಾರವಾಡ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಕಾರ್ಯಕ್ರಮವನ್ನು ನೇರವಾಗಿ ಬಿತ್ತರಿಸುವಾಗ ಆಡಿದ ಮಾತನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಎದುರಿಗೆ ಕೆಂಪು ದೀಪ, ಗೋಡೆಯ ಮೇಲೆ ಗಡಿಯಾರ. ತಲೆದೂಗುವ ಮುಖವಿಲ್ಲ, ಶಹಭಾಸ್ ಎನ್ನುವ ದನಿಯಿಲ್ಲ. ಬಯಲಿನಲ್ಲಿ ಸಾವಿರ ಜನರಿಗೆ ಅಂಜದವರನ್ನೂ ಈ ಮೌನ ಅಳುಕಿಸಬಲ್ಲದು. ನಿಲಯಗಳು ತಮ್ಮದೇ ಪೂರ್ವರಂಗವನ್ನು ಕಟ್ಟಿಕೊಂಡವು: ಮೊದಲು ತಾಲೀಮು, ದನಿಯ ಪರೀಕ್ಷೆ, ಬರೆದು ತಿದ್ದಿದ ಭಾಷಣ, ಹೆಸರು ಹೇಳಿ ಪರಿಚಯಿಸುವ ಉದ್ಘೋಷಕ. ಈ ಉದ್ಘೋಷಕನು ನಮ್ಮ ಭಾಗವತನ ತಮ್ಮನೇ ಸರಿ. 1954ರಲ್ಲಿ ಆರಂಭವಾದ ಆಕಾಶವಾಣಿ ಸಂಗೀತ ಸಮ್ಮೇಲನಗಳಲ್ಲಿ ಆಹ್ವಾನಿತ ಶ್ರೋತೃಗಳನ್ನು ಕಲಾವಿದರೆದುರು ಕೂಡಿಸಿದರು. ಕಳೆದುಹೋಗಿದ್ದ ಸಭೆ ಮರಳಿ ಬಂದಿತು.

ಇಂದು ಬಹಳಷ್ಟು ಕಾರ್ಯಕ್ರಮಗಳು ಮೊದಲೇ ಧ್ವನಿಮುದ್ರಣವಾಗುತ್ತವೆ. ಆದರೂ ಶಾಲೆಯ ಗ್ಯಾದರಿಂಗಿನಲ್ಲಿ, ಓಣಿಯ ಗಣಪತಿ ಉತ್ಸವದಲ್ಲಿ ನಮ್ಮ ಮಕ್ಕಳು ಸಭೆಯೆದುರು ನಿಲ್ಲಬೇಕಾಗುತ್ತದೆ. ಅವರಿಗೆ 'ಅಂಜಬೇಡ' ಎಂದು ಹೇಳುವುದರಿಂದ ಅಂಜಿಕೆ ಹೋಗುವುದಿಲ್ಲ. ಪಾರಿಜಾತದ ಮೇಳ ಮಾಡುತ್ತಿದ್ದುದನ್ನು ಮಾಡೋಣ. ಮೊದಲನೆಯ ಹಾಡನ್ನು ಎಲ್ಲರೂ ಕೂಡಿ ಹಾಡಲಿ; ಮಗುವಿನ ಮೊದಲ ಮಾತು ಯಾರಾದರೂ ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿ; ಸಾಲು ಮರೆತರೆ ಎತ್ತಿಕೊಳ್ಳಲು ಪಕ್ಕದಲ್ಲಿ ಒಬ್ಬರಿರಲಿ. ಕೆಳಗೆ ಕುಳಿತ ನಾವು ತಪ್ಪಿದ ಸಾಲಿಗೆ ನಗದೆ ಕಾಯೋಣ. ಮರೆತ ಪದ ಬಹುಮಟ್ಟಿಗೆ ಎರಡನೆಯ ಉಸಿರಿಗೆ ತಾನಾಗಿಯೇ ಬರುತ್ತದೆ.