ವಾತಾಪಿಯ ಮರಳುಗಲ್ಲು

ಬಾಗಲಕೋಟೆ ಜಿಲ್ಲೆಯ ಬಾದಾಮಿಯು ಮಹಾನದಿಯ ತೀರದಲ್ಲಿರುವ ಪಟ್ಟಣವಲ್ಲ. ಮಲಪ್ರಭೆಯು ಸಹ ಊರನ್ನು ಮುಟ್ಟದೆ ಕೆಲವು ಮೈಲುಗಳಾಚೆ ಹರಿದುಹೋಗುತ್ತದೆ. ಹೀಗಿರಲು ಚಾಲುಕ್ಯರು ಈ ಸ್ಥಳವನ್ನೇ ರಾಜಧಾನಿಗೆ ಆರಿಸಿಕೊಂಡುದೇಕೆ? ಇದಕ್ಕೆ ಉತ್ತರವನ್ನು ಅಲ್ಲಿಯ ಕಲ್ಲಿನಲ್ಲಿಯೇ ಹುಡುಕಬೇಕು.

ಈ ಬೆಟ್ಟಗಳು ಮರಳುಗಲ್ಲಿನವು. ಭೂಮಿಯ ಮೇಲೆ ಪ್ರಾಣಿಗಳು ನಡೆದಾಡುವುದಕ್ಕೆ ಬಹು ಪೂರ್ವದಲ್ಲಿ ಜಲಪ್ರವಾಹಗಳು ತಂದೊಡ್ಡಿದ ಮರಳು ಪದರಪದರವಾಗಿ ನೆಲೆಸಿ, ಕಾಲಾಂತರದಲ್ಲಿ ಶಿಲೆಯಾಯಿತು. ಅದರೊಳಗಿನ ಕಬ್ಬಿಣದ ಅಂಶವೇ ಆ ಕೆಂಬಣ್ಣಕ್ಕೆ ಕಾರಣವು. ಪದರಗಳು ಹೆಚ್ಚು ವಾಲದೆ ಮಟ್ಟಸವಾಗಿ ಉಳಿದಿರುವುದರಿಂದ ಬೆಟ್ಟಗಳ ನೆತ್ತಿಯು ಚಪ್ಪಟೆಯಾಗಿದೆ. ನೆಟ್ಟನೆಯ ಬಿರುಕುಗಳುದ್ದಕ್ಕೂ ಬಂಡೆಗಳು ಕಳಚಿಬಿದ್ದುದರಿಂದ ಪಕ್ಕಗಳು ಗೋಡೆಯಂತೆ ಕಡಿದಾಗಿವೆ.

ಪ್ರಕೃತಿಯೇ ಅರ್ಧ ಕಟ್ಟಿಕೊಟ್ಟ ಈ ದುರ್ಗವನ್ನು ಒಂದನೆಯ ಪುಲಕೇಶಿಯು ಪೂರ್ಣಗೊಳಿಸಿದನು. ಶಕ 465, ಎಂದರೆ ಕ್ರಿ. ಶ. 543ರ ಅವನ ಬಂಡೆಯ ಶಾಸನವು ಈ ಕೋಟೆಯು ಮೇಲಿನಿಂದಲೂ ಕೆಳಗಿನಿಂದಲೂ ಅಭೇದ್ಯವೆಂದು ಸಾರುತ್ತದೆ. ಎರಡು ಬೆಟ್ಟಗಳ ನಡುವಣ ಕಣಿವೆಯಲ್ಲಿ ಮಳೆಯ ನೀರು ಬಂದು ನಿಲ್ಲುವ ಅಗಸ್ತ್ಯತೀರ್ಥವು ಊರಿಗೆ ಜಲಾಶ್ರಯವಾಯಿತು. ನದಿಯ ಕೊರತೆಯನ್ನು ಕೆರೆಯು ನೀಗಿತು.

ಕೋಟೆಗೆ ಒದಗಿದ ಶಿಲೆಯೇ ಕಲೆಗೂ ಒದಗಿತು. ಮರಳುಗಲ್ಲು ಕಣಶಿಲೆಯಷ್ಟು ಗಡುಸಲ್ಲ. ಉಳಿಗೆ ಬಗ್ಗುತ್ತದೆ, ಆದರೂ ಭಾರವನ್ನು ತಾಳುತ್ತದೆ. ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳನ್ನು ಕೊರೆಯಲು ಈ ಗುಣವೇ ಅನುವಾಯಿತು. ಅವುಗಳಲ್ಲಿ ಮೂರನೆಯದಾದ ವಿಷ್ಣುಗೃಹವು ಮಂಗಳೇಶನ ಶಾಸನದಂತೆ ಕ್ರಿ. ಶ. 578ಕ್ಕೆ ಸೇರಿದುದು. ಮುಂದೆ ಐಹೊಳೆ, ಪಟ್ಟದಕಲ್ಲುಗಳಲ್ಲಿ ಇದೇ ಶಿಲೆಯನ್ನು ಕಡಿದು ಜೋಡಿಸಿ ದೇಗುಲಗಳನ್ನು ಎತ್ತಿದರು.

ಆದರೆ ದುರ್ಗವು ಅಜೇಯವಾಗಿ ಉಳಿಯಲಿಲ್ಲ. ಕ್ರಿ. ಶ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಗೆದ್ದು ಅಲ್ಲಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೊರೆಯಿಸಿದನು. ಕಟ್ಟಿದವನ ಮಾತನ್ನೂ ಗೆದ್ದವನ ಮಾತನ್ನೂ ಒಂದೇ ಶಿಲೆ ಹೊತ್ತಿದೆ. ಕೆರೆಯ ಬಳಿಯ ಬಂಡೆಯೊಂದರಲ್ಲಿ ಅರಸನಲ್ಲದ ಕಪ್ಪೆ ಅರಭಟ್ಟನೆಂಬ ವೀರನ ಪ್ರಶಸ್ತಿಯೂ ಉಂಟು. ಕನ್ನಡ ತ್ರಿಪದಿಯ ಅತಿ ಪ್ರಾಚೀನವಾದ ಮಾದರಿಗಳು ನಮಗೆ ದೊರೆತುದು ಅದರಿಂದಲೇ.

ಉಳಿಗೆ ಬಗ್ಗುವ ಕಲ್ಲು ಕಾಲಕ್ಕೂ ಬಗ್ಗುವುದು. ಪದರಗಳ ಸಂದಿಗೆ ಇಳಿದ ನೀರು ಕಣಗಳ ಬಂಧವನ್ನು ಸಡಿಲಿಸುತ್ತದೆ. ಅಕ್ಷರಗಳು ಹೊಪ್ಪಳಿಕೆಯಂತೆ ಎದ್ದು ಉದುರುತ್ತವೆ. ಪಲ್ಲವನ ಶಾಸನವು ಈಗಾಗಲೇ ಬಹಳ ನಷ್ಟವಾಗಿದೆ. ಮಳೆಗಾಳಿಗಳನ್ನು ನಾವು ಪೂರ್ಣವಾಗಿ ತಡೆಯಲಾರೆವು. ಬಂಡೆಯ ಮೇಲೆ ಹೆಸರು ಗೀಚುವ ಕೈಗಳನ್ನಾದರೂ ತಡೆಯಬಹುದು. ಒಮ್ಮೆ ಉದುರಿದ ಅಕ್ಷರವನ್ನು ಯಾವ ಪಂಡಿತನೂ ಮರಳಿ ಕೆತ್ತಲಾರನು.