ಮಂಗಳೂರಿನ ಬಾಸೆಲ್ ಮಿಶನ್ ಸಭೆಯ ಸ್ಥಾಪನೆಯೂ ಅಳಿಯಸಂತಾನದ ಕಟ್ಟೂ

೧

ಇಂದು ಉತ್ತರ ಕನ್ನಡ ಜಿಲ್ಲೆಗೆ ಸೇರಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯೂ, ಅದರೊಳಗಣ ಇಸಳೂರು ಮೊದಲಾದ ಗ್ರಾಮಗಳೂ ಒಂದು ಕಾಲದಲ್ಲಿ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿದ್ದುವು. ಟಿಪ್ಪುಸುಲ್ತಾನನು ಮಡಿದ ೧೭೯೯ರಲ್ಲಿ ಇಂಗ್ಲಿಷ್ ಕಂಪೆನಿಯ ವಶವಾದ ಕನ್ನಡ ಜಿಲ್ಲೆಗೆ ಮಂಗಳೂರೇ ಮುಖ್ಯಪಟ್ಟಣ. ಆ ಜಿಲ್ಲೆಯ ಉತ್ತರಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿದುದು ೧೮೬೨ರಲ್ಲಿ. ಆದುದರಿಂದ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಂಗಳೂರಿನಲ್ಲಿ ನಡೆದ ಸಂಗತಿಗಳು ಘಟ್ಟದ ಮೇಲಿನ ಈ ಸೀಮೆಯ ಚರಿತ್ರೆಗೂ ಹೊರಗಿನವಲ್ಲ. ಅಂತಹ ಸಂಗತಿಗಳಲ್ಲಿ ಬಾಸೆಲ್ ಮಿಶನ್ನಿನವರು ಆ ಪಟ್ಟಣದಲ್ಲಿ ಒಂದು ಹೊಸ ಕ್ರೈಸ್ತ ಸಭೆಯನ್ನು ಕಟ್ಟಿದುದು ಒಂದು.

ಈ ಮಿಶನ್ನಿನ ಮುದ್ರಣಾಲಯ, ನಿಘಂಟು, ಹೆಂಚಿನ ಕಾರ್ಖಾನೆಗಳನ್ನು ಕುರಿತು ಸಾಕಷ್ಟು ಬರೆದಿರುವುದುಂಟು. ಆದರೆ ಮೊದಲ ತಲೆಮಾರಿನಲ್ಲಿ ಆ ಸಭೆಯನ್ನು ಸೇರಿದವರು ಏನನ್ನು ಬಿಟ್ಟು ಬರಬೇಕಾಯಿತು, ಅದರಿಂದ ಸಭೆಯ ಸ್ವರೂಪವೇ ಹೇಗೆ ಮಾರ್ಪಟ್ಟಿತು ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಿದುದು ಕಡಿಮೆ. ಧರ್ಮೋಪದೇಶಕ್ಕೆಂದು ಬಂದವರು ನೇಕಾರರ ಮೇಲ್ವಿಚಾರಕರೂ ಹೆಂಚಿನ ಆವೆಗಳ ಒಡೆಯರೂ ಆದುದಕ್ಕೆ ಕಾರಣವು ತುಳುನಾಡಿನ ಕುಟುಂಬದ ಕಟ್ಟಿನಲ್ಲಿಯೇ ಬಹುಮಟ್ಟಿಗೆ ದೊರೆಯುತ್ತದೆ.

೨

ಬಾಸೆಲ್ ನಗರದ ಮಿಶನ್ ಸಂಘವು ೧೮೧೫ರಲ್ಲಿ ಸ್ಥಾಪಿತವಾಯಿತು. ಕಂಪೆನಿಯ ಸೀಮೆಯಲ್ಲಿ ಅನ್ಯದೇಶದ ಮಿಶನರಿಗಳು ನೆಲಸಿ ಕೆಲಸಮಾಡಲು ಅನುಕೂಲವಾದುದು ೧೮೩೩ರ ಸನ್ನದಿನಿಂದ. ಮರುವರ್ಷವೇ ಸ್ಯಾಮ್ಯುವೆಲ್ ಹೆಬಿಕ್, ಲೇಹ್ನರ್, ಗ್ರೈನರ್ ಎಂಬ ಮೂವರು ಹಡಗೇರಿ ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ೧೮೩೪ನೆಯ ಅಕ್ಟೋಬರ್ ೩೦ರಂದು ಮಂಗಳೂರನ್ನು ಸೇರಿದರು. ಇವರಲ್ಲಿ ಹೆಬಿಕ್ ಎಂಬವರು ಮೊದಲು ವ್ಯಾಪಾರದಲ್ಲಿದ್ದವರು. ದೇಶಭಾಷೆಗಳಲ್ಲಿ ಅವರಿಗೆ ಅಷ್ಟಾಗಿ ಹಿಡಿತ ಬರಲಿಲ್ಲವಾಗಿ ದುಭಾಷಿಗಳ ಮೂಲಕವೇ ಬೋಧಿಸುತ್ತಿದ್ದರು. ಗ್ರೈನರರು ತುಳುವನ್ನು ಕಲಿತರು. ೧೮೩೬ರಲ್ಲಿ ಹೆರ್ಮನ್ ಮೋಗ್ಲಿಂಗರೂ, ೧೮೪೦ರಲ್ಲಿ ವೈಗ್ಲೆ, ಅಮ್ಮನ್ ಎಂಬವರೂ ಬಂದು ಕೂಡಿಕೊಂಡರು. ಕಲೆಕ್ಟರರಾಗಿದ್ದ ಬ್ಲೇರ್ ಎಂಬವರು ಬಲ್ಮಠದ ಗುಡ್ಡದ ಮೇಲಣ ಸ್ಥಳವನ್ನು ೧೮೪೦ರಲ್ಲಿ ಮಿಶನ್ನಿಗೆ ಕೊಟ್ಟರು. ಮರುವರ್ಷ ಕಲ್ಲಚ್ಚಿನ ಮುದ್ರಣಾಲಯವು ಪ್ರಾರಂಭವಾಯಿತು.

ಮಂಗಳೂರಿಗೆ ಕ್ರೈಸ್ತಮತವು ಹೊಸದಾಗಿರಲಿಲ್ಲ. ಕೊಂಕಣಿ ಭಾಷೆಯ ಕಥೋಲಿಕರು ಅಲ್ಲಿ ಬಹುಕಾಲದಿಂದ ನೆಲಸಿದ್ದು, ೧೭೮೪ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ, ೧೭೯೯ರ ಮೇಲೆ ಹಿಂದಿರುಗಿದ್ದರು. ಅವರಿಗೆ ತಮ್ಮವೇ ಆದ ಮನೆತನಗಳೂ ಭೂಮಿಯೂ ವ್ಯಾಪಾರವೂ ಇದ್ದುವು. ಹೊಸ ಸಭೆಗಾದರೋ ಇವಾವುವೂ ಇರಲಿಲ್ಲ. ಅದನ್ನು ಸೇರುವವನು ಒಬ್ಬೊಬ್ಬನಾಗಿ, ತನ್ನ ಮನೆಯಿಂದ ಹೊರಟೇ ಬರಬೇಕಾಗಿತ್ತು.

೩

ಹಾಗೆ ಬಂದವರಲ್ಲಿ ಪಟ್ಟಣವನ್ನೆಲ್ಲ ಕಲಕಿದ ಹೆಸರು ಆನಂದರಾಯ ಕೌಂಡಿನ್ಯರದು. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಈ ಸಾರಸ್ವತ ಬ್ರಾಹ್ಮಣ ತರುಣರು ಇನ್ನಿಬ್ಬರೊಡನೆ ೧೮೪೪ನೆಯ ಜನವರಿ ೬ರಂದು ದೀಕ್ಷಾಸ್ನಾನವನ್ನು ಪಡೆದು, ಗುರುಗಳ ಹೆಸರನ್ನೂ ಕೂಡಿಸಿಕೊಂಡು ಹೆರ್ಮನ್ ಆನಂದರಾಯರಾದರು. ಊರಿನಲ್ಲಿ ಕೋಲಾಹಲವೆದ್ದಿತು. ಅವರ ಪತ್ನಿ ಅವರೊಡನೆ ಬರಲಿಲ್ಲ. ಕೌಂಡಿನ್ಯರು ೧೮೪೬ರಲ್ಲಿ ಬಾಸೆಲಿಗೆ ಹೋಗಿ ವ್ಯಾಸಂಗ ಮಾಡಿ, ೧೮೫೧ರಲ್ಲಿ ಬೋಧಕದೀಕ್ಷೆಯನ್ನು ಪಡೆದು ಹಿಂದಿರುಗಿ, ಬೋಧಕರನ್ನು ಸಿದ್ಧಪಡಿಸುವ ವಿದ್ಯಾಲಯದಲ್ಲಿ ಉಪಾಧ್ಯಾಯರಾದರು. ಮುಂದೆ ಕೊಡಗಿನ ಆನಂದಪುರದಲ್ಲಿ, ಜೀತದ ಬಾಳಿನಿಂದ ಬಂದ ಹೊಲೆಯ ಕ್ರೈಸ್ತರಿಗೆ ನೆಲೆ ಕಲ್ಪಿಸುವುದಕ್ಕೆ ದುಡಿದರು. ೧೮೯೩ರಲ್ಲಿ ತೀರಿಕೊಂಡ ಅವರಿಗೆ ಸಭೆಯ ಸ್ಥಾಪಕರ ಪಂಕ್ತಿಯಲ್ಲಿ ಸ್ಥಾನವು ಸಲ್ಲತಕ್ಕದ್ದು.

ಆದರೆ ಸಭೆಯಲ್ಲಿ ಹೆಚ್ಚಿನವರು ಇಂತಹ ವಿದ್ಯಾವಂತರಲ್ಲ, ಬಿಲ್ಲವರು. ಮೂರ್ತೆ, ಎಂದರೆ ತೆಂಗು ತಾಳೆಗಳಿಂದ ಕಳ್ಳು ಇಳಿಸುವುದು, ಅವರಲ್ಲಿ ಬಹುಜನರ ಕಸಬು. ಭೂತಾರಾಧನೆಯೂ ಗರಡಿಯ ಸೇವೆಯೂ ಅವರ ಕುಟುಂಬಗಳನ್ನು ಒಂದುಗೂಡಿಸುವ ಬಂಧನಗಳು. ಸಭೆಯು ಕಳ್ಳಿನ ಕಸಬನ್ನು ಒಪ್ಪಲಿಲ್ಲ. ಭೂತಾರಾಧನೆಯನ್ನು ಒಪ್ಪುವ ಮಾತೇ ಇಲ್ಲ. ಹೀಗೆ ದೀಕ್ಷೆಯ ದಿನವೇ ಬಿಲ್ಲವನ ಜೀವನೋಪಾಯವು ತಪ್ಪಿತು. ಕಸಬಿನ ಜೊತೆಗೆ ಮನೆಯೂ ತಪ್ಪಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

೪

ಬಿಲ್ಲವರೂ ಬಂಟರಂತೆಯೇ ಅಳಿಯಸಂತಾನದ ಕಟ್ಟಿಗೆ ಸೇರಿದವರು. ಈ ಕಟ್ಟಿನಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಗಂಡಸಿಗೆ ತನ್ನ ತಾಯಿಯ ಕುಟುಂಬದಲ್ಲಿ ಅನ್ನವಸ್ತ್ರಗಳ ಹಕ್ಕಿತ್ತು. ಆದರೆ ಅವನ ಮಕ್ಕಳು ಅವನ ಕುಟುಂಬದವರಾಗಿರಲಿಲ್ಲ, ಅವನ ಹೆಂಡತಿಯ ಕುಟುಂಬದವರಾಗಿದ್ದರು. ಮತವನ್ನು ಬಿಟ್ಟವನಿಗೆ ಇದರಿಂದ ಎರಡು ಕಡೆಯಿಂದಲೂ ನಷ್ಟ. ತಾಯಿಯ ಮನೆಯ ಯಜಮಾನನು ಅವನನ್ನು ಹೊರಗೆ ನಿಲ್ಲಿಸಬಹುದಾಗಿತ್ತು. ಹೆಂಡತಿಯ ಮನೆಯವರು ಹೆಂಡತಿಯನ್ನೂ ಮಕ್ಕಳನ್ನೂ ತಮ್ಮವರೆಂದು ಉಳಿಸಿಕೊಳ್ಳಬಹುದಾಗಿತ್ತು. ಹೆಂಗಸು ಸಭೆಯನ್ನು ಸೇರಿದರಂತೂ ಕುಟುಂಬದ ಸಂತತಿಯೇ ಕಡಿದಂತಾಗುವುದರಿಂದ, ಅವಳನ್ನು ತಡೆಯುವುದಕ್ಕೆ ಕಾರಣವು ಇನ್ನೂ ಬಲವಾದುದಾಗಿತ್ತು.

೧೮೫೦ರ ಇಪ್ಪತ್ತೊಂದನೆಯ ಕಾನೂನು, ಮತವನ್ನಾಗಲಿ ಜಾತಿಯನ್ನಾಗಲಿ ಬಿಟ್ಟ ಕಾರಣದಿಂದ ಯಾರ ಹಕ್ಕೂ ವಾರಸಿಕೆಯೂ ನಷ್ಟವಾಗಕೂಡದೆಂದು ವಿಧಿಸಿತು. ತಂದೆಯ ಆಸ್ತಿಯಲ್ಲಿ ಪಾಲು ಕೇಳಬಲ್ಲ ಮನೆತನದವರಿಗೆ ಇದರಿಂದ ಪ್ರಯೋಜನವುಂಟಾಗಿರಬಹುದು. ಅಳಿಯಸಂತಾನದವನಿಗೆ ಅದು ಬರಿಯ ಕಾಗದದ ರಕ್ಷಣೆ. ಏಕೆಂದರೆ ಆ ಕಟ್ಟಿನಲ್ಲಿ ಒಬ್ಬ ಸದಸ್ಯನು ಉಳಿದವರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತೆಯೇ ಇರಲಿಲ್ಲ. ಒಂದೇ ಮನೆಯಲ್ಲಿ ಉಂಡು ಇರುವುದರಿಂದ ಅನುಭವಕ್ಕೆ ಬರುವ ಹಕ್ಕನ್ನು, ಆ ಮನೆಯವರು ಪಂಕ್ತಿಯಲ್ಲಿ ಕೂಡಿಸಿಕೊಳ್ಳದವನು ಅನುಭವಿಸುವುದು ಹೇಗೆ? ಕಾನೂನು ಹಕ್ಕನ್ನು ಉಳಿಸಿತು. ಆದರೆ ಪಾಲನ್ನು ಬೇರ್ಪಡಿಸಿ ಕೈಗೆ ಕೊಡಲಿಲ್ಲ.

೫

ಹೀಗೆ ಮನೆಯೂ ಕಸಬೂ ಇಲ್ಲದವರ ಗುಂಪೊಂದು ಬಲ್ಮಠದ ಬಾಗಿಲಲ್ಲಿ ನಿಂತಿತು. ಅವರಿಗೆ ದಾನದ ಅನ್ನ ಹಾಕಿದರೆ ಅನ್ನಕ್ಕಾಗಿ ಮತಾಂತರವಾದರೆಂಬ ಅಪವಾದ, ಹಾಕದಿದ್ದರೆ ಉಪವಾಸ. ಈ ಇಕ್ಕಟ್ಟಿನಿಂದ ಮಿಶನ್ನಿನ ಕೈಗಾರಿಕೆಗಳು ಹುಟ್ಟಿದುವು. ಬೇಸಾಯ, ಗಡಿಯಾರದ ಕೆಲಸ ಮೊದಲಾದುವನ್ನು ಪರೀಕ್ಷಿಸಿ ನೋಡಲಾಗಿ ಅವು ನೆಲೆಗೊಳ್ಳಲಿಲ್ಲ. ೧೮೫೧ರಲ್ಲಿ ಬಂದ ಹಾಲರ್ ಎಂಬ ನೇಕಾರರು ಯೂರೋಪಿನ ಮಾದರಿಯ ಕೈಮಗ್ಗಗಳನ್ನು ಹೂಡಿದ ಮೇಲೆ ನೇಯ್ಗೆಯು ಸ್ಥಿರಪಟ್ಟಿತು. ಖಾಕಿಬಣ್ಣವನ್ನು ಬಟ್ಟೆಗೆ ಹಿಡಿಸಿದ ಕೀರ್ತಿಯನ್ನೂ ಅವರಿಗೆ ಸಲ್ಲಿಸುವುದುಂಟು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಹೆಂಚು ಮಾಡುವ ಕಾರ್ಖಾನೆಯನ್ನು ಜೆಪ್ಪುವಿನಲ್ಲಿ ತೆರೆದರು. ಹುಲ್ಲು ಸೋಗೆಗಳ ಮಾಡುಗಳು ಮಂಗಳೂರು ಹೆಂಚಿಗೆ ತಿರುಗಿದುವು. ಕಾಲಾಂತರದಲ್ಲಿ ಘಟ್ಟದ ಮೇಲಿನ ಶಿರಸಿಯ ಸೀಮೆಯ ಮನೆಗಳೂ ಅದೇ ಹೆಂಚನ್ನು ಹೊದ್ದುವು.

ಇದೇ ಕಾಲದಲ್ಲಿ ಭಾಷೆಯ ಕೆಲಸವೂ ನಡೆಯಿತು. ಗ್ರೈನರರ ತುಳು ಮತ್ತಾಯನ ಸುವಾರ್ತೆ ೧೮೪೨ರಲ್ಲಿಯೂ, ಹೊಸ ಒಡಂಬಡಿಕೆಯು ೧೮೪೭ರಲ್ಲಿಯೂ ಅಚ್ಚಾದುವು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು ೧೮೪೩ನೆಯ ಜುಲೈ ೧ರಂದು ಹೊರಟಿತು. ಮನೆಯ ಮಾತಿನಲ್ಲಿ ಆರಾಧನೆ, ನಾಡಿನ ಬರವಣಿಗೆಯ ಭಾಷೆಯಲ್ಲಿ ವಿದ್ಯಾಭ್ಯಾಸ ಎಂಬ ಈ ಏರ್ಪಾಡು ಕುಟುಂಬವನ್ನು ಕಳೆದುಕೊಂಡವರನ್ನು ಒಂದು ಜನವಾಗಿ ಕೂಡಿಸಿತು.

೬

ಆದರೆ ಇದಕ್ಕೆ ತೆತ್ತ ಬೆಲೆಯೂ ಉಂಟು. ಯಜಮಾನನ ಕೈಯಿಂದ ಬಿಡಿಸಿಕೊಂಡು ಬಂದವನಿಗೆ ಮಿಶನ್ನೇ ಯಜಮಾನನಾಯಿತು. ಸಭೆಯ ಶಿಸ್ತನ್ನು ನಡೆಸುವವರೂ, ಕೂಲಿ ಕೊಡುವವರೂ, ಅನೇಕರಿಗೆ ಇರುವ ಮನೆಯನ್ನು ಕೊಡುವವರೂ ಒಂದೇ ಸಂಸ್ಥೆಯವರು. ಸಭೆಯಲ್ಲಿ ತಪ್ಪಿದವನು ಮಗ್ಗದ ಬಳಿಯಲ್ಲಿಯೂ ತಲೆತಗ್ಗಿಸಬೇಕಾಗುತ್ತಿತ್ತು. ಈ ಪರಾಧೀನತೆಯನ್ನು ಮಿಶನ್ನಿನವರೇ ಮನಗಂಡಿದ್ದರು. ೧೮೫೯ರಲ್ಲಿ ವ್ಯಾಪಾರಕ್ಕೆಂದು ಪ್ರತ್ಯೇಕ ಕಂಪೆನಿಯು ಏರ್ಪಟ್ಟರೂ ಊರಿನವರ ದೃಷ್ಟಿಯಲ್ಲಿ ಎರಡೂ ಒಂದೇ ಆಗಿ ಉಳಿದುವು.

ಗಂಟನ್ನು ಬಿಚ್ಚಿದುದು ಯುದ್ಧ. ೧೯೧೪ರಲ್ಲಿ ಮಹಾಯುದ್ಧವು ಆರಂಭವಾಗಲು ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು. ಕಾರ್ಖಾನೆಗಳು ಸರಕಾರದ ವಶಕ್ಕೆ ಹೋಗಿ ೧೯೧೯ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದುವು. ಆಗ ಬೋಧಕರೂ ಹಿರಿಯರೂ ಹೊರಗಿನ ಯಜಮಾನರಿಲ್ಲದೆ ಸಭೆಯನ್ನು ನಡೆಸಬೇಕಾಯಿತು, ನಡೆಸಿದರು. ಮುಂದೆ ಅದು ದಕ್ಷಿಣ ಭಾರತ ಸಭೆಯಲ್ಲಿ ಸೇರಿತು. ೧೮೬೨ರಲ್ಲಿ ಕಟ್ಟಿದ ಬಲ್ಮಠದ ದೇವಾಲಯವು ಇಂದಿಗೂ ಆರಾಧನೆಯ ಸ್ಥಾನವಾಗಿದೆ.

ಅಳಿಯಸಂತಾನದ ಕುಟುಂಬದಲ್ಲಿ ಪಾಲು ಕೇಳುವ ಅಧಿಕಾರವನ್ನು ಕಾನೂನು ಕೊಟ್ಟುದು ೧೯೪೯ರಲ್ಲಿ, ಎಂದರೆ ಆ ಮೂವರು ಮಂಗಳೂರನ್ನು ಸೇರಿದ ೧೧೫ ವರ್ಷಗಳ ತರುವಾಯ. ಅಷ್ಟು ಹೊತ್ತಿಗೆ ಮನೆ ಬಿಟ್ಟು ಬಂದವರ ಮೊಮ್ಮಕ್ಕಳಿಗೆ ಕೇಳಬೇಕಾದ ಮನೆಯು ಯಾವುದೆಂಬುದೇ ಮರೆತಿದ್ದಿತು. ಸಭೆಯ ಸ್ಥಾಪಕರ ಪಟ್ಟಿಯಲ್ಲಿ ಹಡಗಿನಿಂದ ಇಳಿದವರ ಹೆಸರುಗಳು ಮೊದಲು ಬರುವುದು ಸಹಜ. ಆದರೆ ಬರಿಗೈಯಲ್ಲಿ ಮನೆಯ ಹೊಸ್ತಿಲನ್ನು ದಾಟಿ ಬಂದ, ದಾಖಲೆಗಳಲ್ಲಿ ಬಹುಮಟ್ಟಿಗೆ ಹೆಸರಿಲ್ಲದೆ ಉಳಿದ ಆ ಸ್ತ್ರೀಪುರುಷರಿಲ್ಲದೆ ಸ್ಥಾಪನೆಯೆಂಬ ಮಾತಿಗೆ ಅರ್ಥವೇ ಇಲ್ಲ.