ಮಕ್ಕಳು ಕೇಳಿ ಪಡೆದ ರಸ್ತೆ

ನೆದರ್‌ಲ್ಯಾಂಡ್ಸ್ ಅಂದ ತಕ್ಷಣ ಕಣ್ಣ ಮುಂದೆ ಬರೋದು ಏನು? ಟ್ಯುಲಿಪ್ ಹೂವು, ಕಾಲುವೆ, ಸೈಕಲ್. 'ಅದು ಅವರ ಸಂಸ್ಕೃತಿ ಸಾರ್, ನಮ್ಮಲ್ಲಿ ಆಗಲ್ಲ ಬಿಡಿ' ಅಂತ ಚರ್ಚೆಗೆ ಬಂದ ಅತಿಥಿಗಳು ನನಗೆ ಎಷ್ಟೋ ಸಲ ಹೇಳಿದ್ದಾರೆ. ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ದೇಶಕ್ಕೂ ಕಾರಿನ ಹುಚ್ಚು ಹಿಡಿದಿತ್ತು. ಊರ ಚೌಕಗಳು ಪಾರ್ಕಿಂಗ್ ಜಾಗಗಳಾದವು. 1967ರಲ್ಲಿ ಅಮೆರಿಕದ ಡೇವಿಡ್ ಜೋಕಿನೆನ್ ಎಂಬ ತಜ್ಞ ಆಮ್‌ಸ್ಟರ್‌ಡ್ಯಾಮ್‌ಗೆ ಒಂದು ಯೋಜನೆ ಕೊಟ್ಟ. ಕಾಲುವೆ ಮುಚ್ಚಿ ಹೆದ್ದಾರಿ ಮಾಡಿ, 'ಡೆ ಪೈಪ್' ಎಂಬ ಕಾರ್ಮಿಕರ ಬಡಾವಣೆ ಕೆಡವಿ, ಅಂದ. ಕೇಳಿದ ಹಾಗಿದೆಯಲ್ವಾ? ನಮ್ಮಲ್ಲೂ ಟ್ರಾಫಿಕ್ ಸಮಸ್ಯೆಗೆ ಮೊದಲು ಬರೋ ಉತ್ತರ ಇಂಥದ್ದೇ.

ಇದಕ್ಕೆ ತೆತ್ತ ಬೆಲೆ ಏನು ಗೊತ್ತಾ? 1971 ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಜನ. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಹಾಗೆ ಮಗಳನ್ನು ಕಳೆದುಕೊಂಡವರಲ್ಲಿ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಒಬ್ಬರು. 1972ರಲ್ಲಿ ಅವರು ತಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಅದರ ತಲೆಬರಹ. ಅಪಘಾತ ಅನ್ನಲಿಲ್ಲ, ಕೊಲೆ ಅಂದರು. ಆ ತಲೆಬರಹವೇ ಚಳವಳಿಯ ಹೆಸರಾಯಿತು.

ಅದೇ ವರ್ಷ ಡೆ ಪೈಪ್‌ನ ಮಕ್ಕಳು ಬೀದಿಗಿಳಿದರು. ನಮಗೆ ಆಡೋಕೆ ಜಾಗ ಕೊಡಿ ಅಂತ ಮನೆ ಮನೆ ಬಾಗಿಲು ತಟ್ಟಿ ಸಹಿ ಕೇಳಿದರು. ಬೀದಿಗೆ ಅಡ್ಡ ಕಟ್ಟಿದರು. ಸಿಟ್ಟಾದ ದೊಡ್ಡವರು ಬಂದು ಅದನ್ನ ಕಿತ್ತೆಸೆಯೋಕೆ ಹೋದರು. ಇಷ್ಟನ್ನೂ ಟಿವಿಯವರು ಸಾಕ್ಷ್ಯಚಿತ್ರ ಮಾಡಿ ದೇಶಕ್ಕೆ ತೋರಿಸಿದರು. ಟಿವಿಯವನಾಗಿ ನಾನು ಈ ಮಾತನ್ನ ಹೆಮ್ಮೆಯಿಂದಲೇ ಹೇಳ್ತೀನಿ. ಕೂಗಾಡುವವರ ಕಡೆಗಷ್ಟೇ ಅಲ್ಲ, ಕೇಳುವವರೇ ಇಲ್ಲದವರ ಕಡೆಗೂ ಕ್ಯಾಮೆರಾ ತಿರುಗಬೇಕು.

ಚಳವಳಿಯವರು ಬರೀ ಧಿಕ್ಕಾರ ಕೂಗಿ ಮನೆಗೆ ಹೋಗಲಿಲ್ಲ. ಸೈಕಲ್ ತುಳಿದುಕೊಂಡು ಪ್ರಧಾನಿ ಯೋಪ್ ಡೆನ್ ಔಲ್ ಅವರ ನಿವಾಸಕ್ಕೇ ಹೋದರು. ಪ್ರಧಾನಿ ಹೊರಗೆ ಬಂದು ಮಾತು ಕೇಳಿದರು. 1975ರಲ್ಲಿ ಹುಟ್ಟಿದ ಸೈಕಲ್ ಸವಾರರ ಸಂಘ ಯಾವ ರಸ್ತೆಯಲ್ಲಿ ಏನು ತೊಂದರೆ ಅಂತ ತಿರುಗಾಡಿ ಪಟ್ಟಿ ಮಾಡಿತು. ಮಕ್ಕಳ ಕೊಲೆ ನಿಲ್ಲಿಸಿ ಎಂದವರಿಗೆ ಸರ್ಕಾರವೇ ಆಮೇಲೆ ಅನುದಾನ ಕೊಟ್ಟಿತು. ಕಾರು ನಡಿಗೆಯ ವೇಗಕ್ಕೆ ಇಳಿಯಬೇಕಾದ ವಸತಿ ಬೀದಿಗಳಿಗೆ 1976ರಲ್ಲಿ ಕಾನೂನಿನ ಮಾನ್ಯತೆಯೂ ಬಂತು. ನಡುವೆ 1973ರ ತೈಲ ಬಿಕ್ಕಟ್ಟು ಬೇರೆ. ಕಾರಿಲ್ಲದ ಭಾನುವಾರಗಳಲ್ಲಿ, ಖಾಲಿ ರಸ್ತೆ ಹೇಗಿರುತ್ತೆ ಅಂತ ಜನ ಕಣ್ಣಾರೆ ಕಂಡರು.

ಎಲ್ಲರೂ ಒಪ್ಪಿದರಾ? ಖಂಡಿತ ಇಲ್ಲ. 1977ರಲ್ಲಿ ಗ್ರೋನಿಂಗೆನ್ ನಗರ ತನ್ನ ಕೇಂದ್ರಭಾಗವನ್ನ ನಾಲ್ಕು ಹೋಳು ಮಾಡಿತು. ಒಂದರಿಂದ ಇನ್ನೊಂದಕ್ಕೆ ಸೈಕಲ್ ನೇರ ಹೋಗಬಹುದು, ಕಾರು ಮಾತ್ರ ಸುತ್ತು ಹಾಕಿಕೊಂಡೇ ಹೋಗಬೇಕು. ಅಂಗಡಿಯವರು, ವ್ಯಾಪಾರ ಮುಳುಗುತ್ತೆ ಅಂತ ತಿರುಗಿಬಿದ್ದರು. ಅವರ ಆತಂಕ ಸುಳ್ಳಲ್ಲ, ಅದು ಹೊಟ್ಟೆಪಾಡಿನ ಪ್ರಶ್ನೆ. ಆದರೂ ನಗರಸಭೆ ಹಿಂದೆ ಸರಿಯಲಿಲ್ಲ. ಇಂದು ಜಗತ್ತಿನ ದೊಡ್ಡ ಸೈಕಲ್ ನಗರಗಳಲ್ಲಿ ಅದೂ ಒಂದು.

ನನ್ನ ಪ್ರಕಾರ ಪಾಠ ಇರೋದು ಇಲ್ಲೇ. ಜನಾಭಿಪ್ರಾಯ ಕೇಳೋದು ಅಂದರೆ ಜೋರಾಗಿ ಕೂಗಿದವರಿಗೆ ಮಣಿಯೋದಲ್ಲ. ಎಲ್ಲ ನಿರ್ಧಾರ ಆದ ಮೇಲೆ ಕಾಟಾಚಾರಕ್ಕೆ ಸಭೆ ಕರೆಯೋದೂ ಅಲ್ಲ. ಶಾಲೆಗೆ ನಡೆದು ಹೋಗೋ ಮಗು, ತರಕಾರಿಗೆ ಹೊರಟ ಅಜ್ಜಿ, ಬಸ್ಸಿಳಿದು ಗಾರ್ಮೆಂಟ್ಸಿಗೆ ಓಡೋ ಹೆಣ್ಣುಮಗಳು, ಇವರನ್ನ ಮೊದಲು ಕೇಳೋದು.

ನಮ್ಮಲ್ಲಿ ಅವಕಾಶವೇ ಇಲ್ಲ ಅನ್ನಬೇಡಿ. ಯೋಜನೆಯ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು ಅಂತ ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಹೇಳುತ್ತೆ. ಅದು 1961ರದ್ದು, ಆ ಡಚ್ ಮಕ್ಕಳ ಹೋರಾಟಕ್ಕಿಂತ ಹಳೆಯದು! ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಲ್ಲಿಸಿದ್ದರು, ಜನ ಬೀದಿ ತುಂಬಾ ಆರಾಮವಾಗಿ ನಡೆದರು. ಪ್ರಯೋಗ ಮುಗಿಯಿತು, ವಾಹನಗಳು ವಾಪಸ್ ಬಂದವು.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳೇ 32,825. ಯಾರೂ ಇದನ್ನ ಕೊಲೆ ಅನ್ನಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 2023ರಲ್ಲಿ ರಸ್ತೆಯಲ್ಲಿ ಸತ್ತವರು ಎಲ್ಲ ಸೇರಿ 684. ಐವತ್ತು ವರ್ಷದ ಹಿಂದೆ ಇದ್ದದ್ದರಲ್ಲಿ ಕಾಲು ಭಾಗವೂ ಅಲ್ಲ.

ಮುಂದಿನ ಸಲ ಪೇಪರಿನ ಮೂಲೆಯಲ್ಲಿ 'ಆಕ್ಷೇಪಣೆ, ಸಲಹೆ ಆಹ್ವಾನ' ಎಂಬ ಪ್ರಕಟಣೆ ಕಂಡರೆ ಪುಟ ತಿರುಗಿಸಬೇಡಿ. ನಿಮ್ಮ ಬೀದಿಯ ಫುಟ್‌ಪಾತ್ ಎಲ್ಲಿ ಮುರಿದಿದೆ, ಮಕ್ಕಳು ಎಲ್ಲಿ ರಸ್ತೆ ದಾಟ್ತಾರೆ, ಬರೆದು ಕಳಿಸಿ. ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ. ಡೆ ಪೈಪ್‌ನ ಮಕ್ಕಳಿಗೂ ಯಾರೂ ತಾವಾಗೇ ಬಂದು ಬೀದಿ ಬಿಟ್ಟುಕೊಡಲಿಲ್ಲ.